ಮಳೆಹನಿ ಯಾವ ಕಡಲಿಗೆ?
ಸಕಲೇಶಪುರ–ಆಲೂರು ಬೆಟ್ಟಸೀಮೆಯ ಇತಿಹಾಸ ಮತ್ತು ಪರಿಸರ: ಐದು ಅವಧಿಗಳ ಪಾಠ ಘಟಕ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ‘ನದಿಗಳು’, ‘ಕೋಟೆಗಳು’, ‘ವನ್ಯಜೀವಿಗಳು’ ಎಂಬ ಪಾಠಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಪಾಠ ಯೋಜನೆಗಳಲ್ಲಿ ಮುಗಿಸುವುದು ವಾಡಿಕೆ. ಗಂಗೆಯ ಉಗಮ ಹೇಳಬಲ್ಲ ಮಗುವಿಗೆ ತನ್ನ ಶಾಲೆಯ ಹಿಂದಿನ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದಿರುವುದಿಲ್ಲ. ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮೊದಲ ಮಾರ್ಗದರ್ಶಿ ತತ್ತ್ವ. ಅದನ್ನು ಉತ್ತರಪತ್ರಿಕೆಯಲ್ಲಿ ಬರೆಯುವುದು ಸುಲಭ, ನಲವತ್ತು ನಿಮಿಷದ ತರಗತಿಯಲ್ಲಿ ನಡೆಸುವುದು ಕಷ್ಟ.

ಹಾಗೆ ನಡೆಸಲು ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸೀಮೆ ಒಳ್ಳೆಯ ಜಾಗ. ಇಲ್ಲಿ ಭೂಗೋಳ, ಇತಿಹಾಸ, ವಿಜ್ಞಾನ, ಗಣಿತ ಒಂದೇ ಗುಡ್ಡದ ಮೇಲೆ ಸಿಗುತ್ತವೆ. ಆದರೆ ಇಲ್ಲಿನ ಪರಿಸರ ಬರೀ ಸೊಬಗಿನದಲ್ಲ. ಆನೆಯ ಭಯದಲ್ಲಿ ಶಾಲೆಗೆ ಬರುವ ಮಕ್ಕಳು ಇಲ್ಲಿದ್ದಾರೆ. ಅವರ ಮುಂದೆ ‘ಪ್ರಾಣಿಗಳನ್ನು ಪ್ರೀತಿಸಿ’ ಎಂದಷ್ಟೇ ಹೇಳಿ ಬರುವ ಪಾಠ, ಪಾಠವಾಗುವುದಿಲ್ಲ. ಈ ಘಟಕವನ್ನು ಆ ಎಚ್ಚರದಿಂದ ರೂಪಿಸಿದೆ.

ಘಟಕದ ರೂಪ

ತರಗತಿ: 7 ಅಥವಾ 8. ಅವಧಿಗಳು: 40 ನಿಮಿಷದ ಐದು. ಅನುಕೂಲವಿದ್ದರೆ ಮಂಜರಾಬಾದ್ ಕೋಟೆಗೆ ಅರ್ಧ ದಿನದ ಹೊರಸಂಚಾರ.

ಕಲಿಕಾಫಲಗಳು:
1. ಜಲವಿಭಜಕ ಎಂದರೇನೆಂದು ಮಾದರಿ ಮಾಡಿ ತೋರಿಸುವುದು. ಹೇಮಾವತಿ ಮತ್ತು ಎತ್ತಿನಹೊಳೆಯ ನೀರಿನ ದಾರಿಯನ್ನು ಕಡಲಿನವರೆಗೆ ಗುರುತಿಸುವುದು.
2. ಮಂಜರಾಬಾದ್ ಕೋಟೆಯ ಆಕಾರಕ್ಕೂ ಅದರ ಉಪಯೋಗಕ್ಕೂ ಇರುವ ಸಂಬಂಧವನ್ನು ವಿವರಿಸುವುದು. ದಾಖಲೆಯ ಮಾತನ್ನೂ ಜನರ ಬಾಯಿಮಾತನ್ನೂ ಬೇರ್ಪಡಿಸುವುದು.
3. ಕಾಫಿ ತೋಟ, ರಸ್ತೆ, ರೈಲು, ಜಲಾಶಯಗಳಿಂದ ಈ ಸೀಮೆ ಹೇಗೆ ಬದಲಾಯಿತೆಂದು ಕಾರಣ ಸಹಿತ ಹೇಳುವುದು.
4. ಆನೆ ಮತ್ತು ನೀರಿನ ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷದ ವಾದವನ್ನು ನ್ಯಾಯವಾಗಿ ಮಂಡಿಸುವುದು.

ಬೋಧನೋಪಕರಣ: ಮಣ್ಣು, ಹಳೆಯ ಪ್ಲಾಸ್ಟಿಕ್ ಹಾಳೆ, ರಂಗೋಲಿ ಪುಡಿ, ನೀರಿನ ಚೊಂಬು, ಚೌಕುಳಿ ಹಾಳೆ, ಅಳತೆಪಟ್ಟಿ, ಕರ್ನಾಟಕದ ಪ್ರಾಕೃತಿಕ ನಕ್ಷೆ. ಕೊಳ್ಳಬೇಕಾದ್ದು ಏನೂ ಇಲ್ಲ.

ಮೊದಲ ಅವಧಿ: ನೀರು ಎರಡಾಗುವ ಜಾಗ

ತೊಡಗಿಸಿಕೊಳ್ಳುವ ಪ್ರಶ್ನೆ: ‘ನಿಮ್ಮ ಮನೆಯ ಮಾಡಿಗೆ ಬಿದ್ದ ಮಳೆನೀರು ಎಷ್ಟು ಕಡೆ ಹರಿಯುತ್ತದೆ?’ ಹೆಂಚಿನ ಮನೆಯ ಮಗು ಕೂಡಲೇ ‘ಎರಡು ಕಡೆ’ ಎನ್ನುತ್ತದೆ. ಮಾಡಿನ ನೆತ್ತಿಯೇ ಜಲವಿಭಜಕ. ವ್ಯಾಖ್ಯೆ ಕಪ್ಪುಹಲಗೆಗೆ ಬರುವ ಮೊದಲೇ ಪರಿಕಲ್ಪನೆ ಮಗುವಿನ ಮನೆಯಿಂದ ಬಂತು.

ಚಟುವಟಿಕೆ: ಅಂಗಳದಲ್ಲಿ ಮಣ್ಣಿನ ಉದ್ದನೆಯ ದಿಬ್ಬ ಮಾಡಿಸಿ. ಪಶ್ಚಿಮದ ಮಗ್ಗುಲು ಕಡಿದಾಗಿರಲಿ, ಪೂರ್ವದ ಮಗ್ಗುಲು ನಿಧಾನಕ್ಕೆ ಇಳಿಯಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೆತ್ತಿಯ ಎರಡು ಬದಿಗೆ ಎರಡು ಬಣ್ಣದ ಪುಡಿ ಚಿಮುಕಿಸಿ, ಬೆರಳ ಸಂದಿಯಿಂದ ನೀರು ಬಿಡಿಸಿ. ಎರಡು ಬಣ್ಣ ಎರಡು ಕಡೆ ಇಳಿಯುತ್ತದೆ. ಯಾವ ಕಡೆ ನೀರು ಬೇಗ ಓಡಿತು, ಏಕೆ ಎಂದು ಮಕ್ಕಳೇ ಹೇಳಲಿ.

ವಿವರಣೆ: ಈ ದಿಬ್ಬವೇ ನಮ್ಮ ಪಶ್ಚಿಮಘಟ್ಟ. ಹೇಮಾವತಿ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಹುಟ್ಟಿ, ಸಕಲೇಶಪುರ ಪಟ್ಟಣವನ್ನು ಹಾದು, ಗೊರೂರಿನ ಬಳಿ ಯಗಚಿಯನ್ನು ಕೂಡಿಸಿಕೊಂಡು, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಆ ನೀರು ಕೊನೆಗೆ ಮುಟ್ಟುವುದು ಬಂಗಾಳಕೊಲ್ಲಿ. ಅದೇ ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆಯ ನೀರು ಪಶ್ಚಿಮಕ್ಕೆ ಇಳಿದು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಒಂದೇ ತಾಲ್ಲೂಕಿನ ಎರಡು ಹಳ್ಳಗಳಲ್ಲಿ ಒಂದರ ನೀರು ಭಾರತದ ಪೂರ್ವದಂಚಿಗೆ, ಇನ್ನೊಂದರ ನೀರು ಪಶ್ಚಿಮದಂಚಿಗೆ. ಬಿಸಿಲೆ ರಸ್ತೆಯಲ್ಲಿ ಮಂಕನಹಳ್ಳಿಯ ಬಳಿ ಈ ಜಲವಿಭಜಕವನ್ನು ಸೂಚಿಸುವ ಹಳೆಯ ಗುರುತಿದೆ. ಜನ ಅದನ್ನು ‘ರಿಡ್ಜ್’ ಎಂದೇ ಕರೆಯುತ್ತಾರೆ. ಅಲ್ಲಿಂದ ಮುಂದೆ ಬಿಸಿಲೆಯ ನೋಟದ ಜಾಗದಲ್ಲಿ ನಿಂತರೆ 1,712 ಮೀಟರ್ ಎತ್ತರದ ಪುಷ್ಪಗಿರಿಯ ಸಾಲು ಎದುರಿಗೇ ಕಾಣುತ್ತದೆ. ಪುಷ್ಪಗಿರಿ ವನ್ಯಧಾಮವು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು.

ಮಳೆಯನ್ನೂ ಇಲ್ಲೇ ಸೇರಿಸಿಕೊಳ್ಳಿ. ಕಡಲಿನಿಂದ ಬರುವ ಮುಂಗಾರಿನ ಮೋಡ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣಿಯುತ್ತದೆ, ತಣಿದಂತೆ ಸುರಿಯುತ್ತದೆ. ಬಿಸಿಲೆಯ ಅಂಚಿನಲ್ಲಿ ಹೆಚ್ಚು, ಸಕಲೇಶಪುರದಲ್ಲಿ ಅದಕ್ಕಿಂತ ಕಡಿಮೆ, ಆಲೂರಿನಲ್ಲಿ ಇನ್ನೂ ಕಡಿಮೆ. ‘ಮಲೆನಾಡು, ಅರೆಮಲೆನಾಡು’ ಎಂದು ನಾವು ಬಳಸುವ ಮಾತಿಗೆ ಅರ್ಥ ಇದು.

ಮನೆಗೆಲಸ: ನಿಮ್ಮ ಮನೆಗೆ ಹತ್ತಿರದ ಹಳ್ಳದ ಹೆಸರು ಕೇಳಿ ಬನ್ನಿ. ಅದು ಯಾವ ಹೊಳೆ ಸೇರುತ್ತದೆ? ಆ ಹೊಳೆ ಯಾವ ಕಡಲು ಸೇರುತ್ತದೆ?

ಎರಡನೆಯ ಅವಧಿ: ನಕ್ಷತ್ರದ ಕೋಟೆ

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಸುಮಾರು 6 ಕಿಲೋಮೀಟರ್ ಹೋದರೆ ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆ. ಸಮುದ್ರಮಟ್ಟದಿಂದ ಅದರ ಎತ್ತರ 988 ಮೀಟರ್. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರಲ್ಲಿ ಮುಗಿಯಿತು. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ.

ಇಲ್ಲಿ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ‘ಯಾರು ಕಟ್ಟಿಸಿದರು’ ಎಂಬುದಲ್ಲ, ‘ಏಕೆ ಹೀಗೆ, ಏಕೆ ಇಲ್ಲಿ’ ಎಂಬುದು.

ಏಕೆ ಹೀಗೆ? ಚೌಕುಳಿ ಹಾಳೆಯಲ್ಲಿ ಒಂದು ಚೌಕ ಬರೆಸಿ. ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ, ಎರಡರ ಮಧ್ಯಬಿಂದು ಒಂದೇ ಇರುವಂತೆ ಅದರ ಮೇಲೆ ಬರೆಸಿ. ಎಂಟು ಮೂಲೆಯ ನಕ್ಷತ್ರ ಬಂತು. ಈಗ ಬರೀ ಒಂದು ಚೌಕದ ಕೋಟೆಯ ಗೋಡೆಯ ಬುಡಕ್ಕೆ ಶತ್ರು ಬಂದು ನಿಂತಿದ್ದಾನೆ ಎಂದುಕೊಳ್ಳಿ. ಗೋಡೆಯ ಮೇಲಿನವನಿಗೆ ಅವನು ಕಾಣಬೇಕಾದರೆ ಬಗ್ಗಿ ನೋಡಬೇಕು. ಬಗ್ಗಿದರೆ ಗುಂಡು ತಗಲುತ್ತದೆ. ನಕ್ಷತ್ರದ ಕೋಟೆಯಲ್ಲಿ ಒಂದು ಚಾಚಿನ ಬುಡದಲ್ಲಿ ನಿಂತವನು ಪಕ್ಕದ ಚಾಚಿನಲ್ಲಿರುವವನಿಗೆ ನೇರವಾಗಿ ಕಾಣುತ್ತಾನೆ. ಮಕ್ಕಳು ಅಳತೆಪಟ್ಟಿ ಇಟ್ಟು ನೋಟದ ಗೆರೆ ಎಳೆದು ಇದನ್ನು ತಾವೇ ಕಂಡುಕೊಳ್ಳಲಿ. ಫಿರಂಗಿಯ ಕಾಲಕ್ಕೆ ಯೂರೋಪಿನಲ್ಲಿ ಬೆಳೆದ ವಿದ್ಯೆ ಇದು. ಫ್ರಾನ್ಸಿನ ವೋಬಾನ್ ಎಂಬ ಸೇನಾ ಎಂಜಿನಿಯರ್ ಅದರಲ್ಲಿ ದೊಡ್ಡ ಹೆಸರು. ಮೈಸೂರಿಗೂ ಫ್ರೆಂಚರಿಗೂ ಇದ್ದ ಒಡನಾಟದಿಂದ ಅದು ಮಲೆನಾಡಿನ ಗುಡ್ಡಕ್ಕೆ ಬಂತು. ಜಪಾನಿನ ಹಕೋದಾತೆಯಲ್ಲಿ 1866ರಲ್ಲಿ ಮುಗಿದ ಐದು ಮೂಲೆಯ ಕೋಟೆಯೂ ಇದೇ ಜಾತಿಯದು. ನಮ್ಮೂರ ಕೋಟೆಗೆ ಫ್ರಾನ್ಸಿನಲ್ಲೂ ಜಪಾನಿನಲ್ಲೂ ನೆಂಟರಿದ್ದಾರೆ ಎಂದರೆ ಮಕ್ಕಳಿಗೆ ಭೂಪಟ ಬಿಡಿಸಲು ಕಾರಣ ಸಿಗುತ್ತದೆ.

ಏಕೆ ಇಲ್ಲಿ? 1784ರ ಮಂಗಳೂರು ಒಪ್ಪಂದದ ನಂತರ ಮಂಗಳೂರು ಬಂದರು ಟಿಪ್ಪುವಿನ ಕೈಯಲ್ಲಿತ್ತು. ಬಂದರಿನಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿ ಘಟ್ಟ ಹತ್ತುವ ಜಾಗ ಇದು. ದಾರಿ ಕಾಯುವವನಿಗೆ ಬೇಕಾದದ್ದು ಎತ್ತರ ಮತ್ತು ನೋಟ. ಇಂದಿನ ಹೆದ್ದಾರಿಯೂ ಅದೇ ಗುಡ್ಡದ ಬುಡದಲ್ಲಿ ಹೋಗುತ್ತದೆ ಎಂಬುದನ್ನು ಮಕ್ಕಳು ಗಮನಿಸಲಿ. ನೆಲದ ಏರಿಳಿತ ಬದಲಾಗದಿದ್ದರೆ ದಾರಿಯೂ ಸುಲಭಕ್ಕೆ ಬದಲಾಗುವುದಿಲ್ಲ.

ದಾಖಲೆ ಮತ್ತು ಬಾಯಿಮಾತು: ಕೋಟೆ ನೋಡಲು ಬಂದ ಟಿಪ್ಪು ಸುತ್ತ ಮಂಜು ಕವಿದದ್ದು ಕಂಡು ‘ಮಂಜರಾಬಾದ್’ ಎಂದು ಹೆಸರಿಟ್ಟ ಎಂಬುದು ಎಲ್ಲರ ಬಾಯಲ್ಲಿರುವ ಕಥೆ. ಸಕಲೇಶ್ವರನಿಂದ ಸಕಲೇಶಪುರ ಎಂಬುದೂ, ಲಿಂಗದಲ್ಲಿ ಬಿರುಕು ಅಂದರೆ ‘ಶಕಲ’ ಇದ್ದುದರಿಂದ ಆ ಹೆಸರು ಎಂಬುದೂ ಹಾಗೆಯೇ. ಇವನ್ನು ತರಗತಿಯಿಂದ ಓಡಿಸಬೇಕಾಗಿಲ್ಲ. ಹಲಗೆಯಲ್ಲಿ ಎರಡು ಅಂಕಣ ಮಾಡಿ: ‘ಕಲ್ಲು, ಕಾಗದ ಹೇಳುವುದು’ ಮತ್ತು ‘ಜನ ಹೇಳುವುದು’. ಪ್ರತಿಯೊಂದು ವಾಕ್ಯ ಯಾವ ಅಂಕಣಕ್ಕೆ ಎಂದು ಮಕ್ಕಳೇ ತೀರ್ಮಾನಿಸಲಿ. ಇತಿಹಾಸದ ವಿಧಾನವನ್ನು ಇದಕ್ಕಿಂತ ಸರಳವಾಗಿ ಕಲಿಸುವ ದಾರಿ ಕಡಿಮೆ.

ಇನ್ನೊಂದು ಎಚ್ಚರ. ಕೋಟೆಯ ಕಥೆ ಟಿಪ್ಪುವಿನೊಂದಿಗೆ ಆರಂಭವಾಗಿ ಟಿಪ್ಪುವಿನೊಂದಿಗೆ ಮುಗಿಯುವುದಿಲ್ಲ. ಈ ಸೀಮೆಗೆ ಬಲಂ ಎಂದು ಹೆಸರಿತ್ತು. ಬೇಲೂರು ನಾಯಕರ ವಂಶದವರು ಐಗೂರಿನಿಂದ ಆಳುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೂ ಇಲ್ಲಿನ ಪಾಳೇಗಾರ ಮಣಿಯಲಿಲ್ಲ. 1802ರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೇನೆ ಈ ಕಾಡಿಗೆ ನುಗ್ಗಿತು. ಪಾಳೇಗಾರನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಹದಿಮೂರು ವರ್ಷದ ಬಳಿಕ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈ ವೆಲ್ಲೆಸ್ಲಿಯೇ. ಒಬ್ಬ ದೊರೆಯನ್ನು ಹೊಗಳುವ ಅಥವಾ ತೆಗಳುವ ಜಗಳ ತರಗತಿಗೆ ಬಂದರೆ, ಪ್ರಶಿಕ್ಷಣಾರ್ಥಿ ಈ ಕಾಲರೇಖೆಗೆ ಮಕ್ಕಳನ್ನು ಮರಳಿ ಕರೆತರಬೇಕು: ಯಾರು, ಯಾವಾಗ, ಏನು ಮಾಡಿದರು, ನಮಗೆ ಹೇಗೆ ಗೊತ್ತು?

ಮೂರನೆಯ ಅವಧಿ: ತೋಟ, ರೈಲು, ಜಲಾಶಯ

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ತಾಲ್ಲೂಕು ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿಯನ್ ಪ್ಲಾಂಟರುಗಳು ಇಲ್ಲಿ ಕಾಫಿ ತೋಟ ತೆರೆದರು. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ ಮಂಜರಾಬಾದಿನ ತೋಟದ ಅನುಭವವನ್ನು 1871 ಮತ್ತು 1894ರಲ್ಲಿ ಪುಸ್ತಕಗಳಾಗಿ ಪ್ರಕಟಿಸಿದ. ಕಾಫಿಗೆ ಮರದ ನೆರಳು ಬೇಕೇಬೇಕು ಎಂದು ಒತ್ತಿ ಹೇಳಿದವರಲ್ಲಿ ಅವನೂ ಒಬ್ಬ. ಇಲ್ಲಿನ ಕಾಫಿ ಇಂದಿಗೂ ನೆರಳಿನ ಕಾಫಿ. ಮೇಲೆ ಅತ್ತಿ, ಬಸರಿ, ಹಲಸು, ನಡುವೆ ಹಾಲುವಾಣ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ತೇವದ ಕಣಿವೆಯಲ್ಲಿ ಏಲಕ್ಕಿ. ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನೆಯ ಪ್ರಾದೇಶಿಕ ಕೇಂದ್ರವೂ ಇದೆ.

ಚಟುವಟಿಕೆ: ತೋಟದ ವರ್ಷಚಕ್ರ. ದೊಡ್ಡ ವೃತ್ತ ಬರೆದು ಹನ್ನೆರಡು ಭಾಗ ಮಾಡಿ. ಹೂಮಳೆ, ಮುಂಗಾರು, ಚಿಗುರು ತೆಗೆಯುವುದು, ಭತ್ತದ ನಾಟಿ, ಭತ್ತದ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು, ಹಲಸು ಹಣ್ಣಾಗುವುದು, ಇವು ಯಾವ ತಿಂಗಳಿಗೆ? ಇಲ್ಲಿ ಮಕ್ಕಳೇ ಗುರುಗಳು. ತೋಟದ ಒಡೆಯರ ಮಕ್ಕಳು, ಲೈನ್‌ಮನೆಯ ಮಕ್ಕಳು, ಕೆಲಸ ಹುಡುಕಿ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಶಾಲೆಗಳಿವೆ. ಒಂದೇ ಗುಂಪಿನವರು ಉತ್ತರ ಹೇಳುತ್ತಾ ಹೋಗದಂತೆ ಪ್ರತಿ ತಂಡದಲ್ಲೂ ಎಲ್ಲರೂ ಇರುವಂತೆ ನೋಡಿಕೊಳ್ಳಿ. ಬುಟ್ಟಿ ಹಿಡಿದು ಹಣ್ಣು ಕಿತ್ತವರ ಮಗುವಿಗೆ ಗೊತ್ತಿರುವುದು ಲೆಕ್ಕ ಬರೆದವರ ಮಗುವಿಗೆ ಗೊತ್ತಿರುವುದಿಲ್ಲ. ಈ ಚಕ್ರದ ಹಾಳೆಯನ್ನು ಜೋಪಾನ ಮಾಡಿ. ನಾಳೆಯ ಪಾಠಕ್ಕೆ ಬೇಕು.

ಗಣಿತದ ಜೋಡಣೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾದ ಈ ಮಾರ್ಗ ಬ್ರಾಡ್ ಗೇಜ್ ಆಗಿ ಮಾರ್ಪಟ್ಟು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಘಟ್ಟದ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. ಹಾಗಾದರೆ 1 ಕಿಲೋಮೀಟರಿಗೆ ಎಷ್ಟು? 20 ಮೀಟರ್. 800 ಮೀಟರ್ ಇಳಿಯಲು ಎಷ್ಟು ದೂರ ಬೇಕು? 40 ಕಿಲೋಮೀಟರ್. ಘಟ್ಟದ ರೈಲು ಏಕೆ ಸುತ್ತಿಬಳಸಿ ಹೋಗುತ್ತದೆ ಎಂಬುದಕ್ಕೆ ಅನುಪಾತದ ಈ ಲೆಕ್ಕವೇ ಉತ್ತರ.

ಜಲಾಶಯ: ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಕೆಳಗಿನ ಬಯಲಿಗೆ ನೀರು ಬಂತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಊರು ಬಿಟ್ಟವರಿಗೆ ಬೇರೆಡೆ ಭೂಮಿ ಕೊಟ್ಟಾಗ ಕಾಡಿನಂಚಿನಲ್ಲಿ ಹೊಸ ಊರು, ಹೊಸ ಗದ್ದೆಗಳಾದವು. ಮುಂದಿನ ಪಾಠಕ್ಕೆ ಬಾಗಿಲು ಇಲ್ಲೇ ತೆರೆಯುತ್ತದೆ.

ನಾಲ್ಕನೆಯ ಅವಧಿ: ಆನೆ

ಪಾಠಕ್ಕೆ ಮೊದಲು ಪ್ರಶಿಕ್ಷಣಾರ್ಥಿಯು ಮುಖ್ಯೋಪಾಧ್ಯಾಯರನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ಆನೆಯಿಂದ ತಮ್ಮವರನ್ನು ಕಳೆದುಕೊಂಡ, ಅಥವಾ ಮನೆಯವರು ಗಾಯಗೊಂಡ ಮಕ್ಕಳು ಈ ತರಗತಿಯಲ್ಲಿದ್ದಾರೆಯೇ? ಇದ್ದರೆ ಆ ಮಗುವಿನೊಡನೆ ಮೊದಲೇ ಮಾತಾಡಿ. ಹೇಳಲು ಒತ್ತಾಯಿಸಬಾರದು, ಹೇಳಬಂದರೆ ತಡೆಯಬಾರದು. ಆನೆಯ ಅಣಕು, ಓಡಿಸುವ ಆಟ ಈ ಪಾಠದಲ್ಲಿ ಬೇಡ.

ಹಿಂದಿನ ದಿನದ ವರ್ಷಚಕ್ರವನ್ನು ಹಲಗೆಗೆ ಅಂಟಿಸಿ. ‘ನಿಮ್ಮ ಊರಿಗೆ ಆನೆ ಬರುವುದು ಯಾವಾಗ ಹೆಚ್ಚು?’ ಮಕ್ಕಳು ಹೇಳಿದ ತಿಂಗಳಿಗೆ ಕೆಂಪು ಚುಕ್ಕೆ ಇಡಿಸಿ. ಭತ್ತ ಬಲಿಯುವ ತಿಂಗಳಲ್ಲೂ ಹಲಸು ಹಣ್ಣಾಗುವ ತಿಂಗಳಲ್ಲೂ ಚುಕ್ಕೆಗಳು ಗುಂಪಾಗುವ ಸಂಭವ ಹೆಚ್ಚು. ಮಕ್ಕಳ ಅನುಭವ ಇಲ್ಲಿ ದತ್ತಾಂಶವಾಯಿತು, ದತ್ತಾಂಶದಿಂದ ಪ್ರಶ್ನೆ ಹುಟ್ಟಿತು: ಆನೆ ಹುಚ್ಚೆದ್ದು ಬರುತ್ತದೆಯೇ, ಊಟಕ್ಕೆ ಬರುತ್ತದೆಯೇ? ನೆರಳಿನ ಕಾಫಿ ತೋಟ ಆನೆಗೆ ಕಾಡಿನಂತೆಯೇ: ಮರೆ ಇದೆ, ನೀರಿದೆ, ಹಲಸಿದೆ, ಪಕ್ಕದಲ್ಲಿ ಗದ್ದೆ ಇದೆ.

ವಿವರಣೆಗೆ ಬೇಕಾದ ಸಂಗತಿಗಳು: ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ, ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಕೊಟ್ಟಿತು. ಆಲೂರು ಕಡೆಯ ತುಂಡುತುಂಡಾದ ಕಾಡು ಆನೆಗಳಿಗೆ ಸಾಲದು, ಜನರಿಗೂ ಅಪಾಯ, ಆದ್ದರಿಂದ ಅಲ್ಲಿನ ಆನೆಗಳನ್ನು ಹಿಡಿಯಬೇಕು ಎಂದಿತು. 2013–14ರಲ್ಲಿ ಈ ಭಾಗದಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಬೇರೆ ಆನೆಗಳು ಬಂದವು. ಜಾಗದಲ್ಲಿ ಆಹಾರ, ನೀರು, ಮರೆ ಇರುವವರೆಗೆ ಖಾಲಿಯಾದ ಜಾಗ ತುಂಬಿಕೊಳ್ಳುತ್ತದೆ ಎಂಬುದು ಇದರಿಂದ ಕಲಿಯುವ ಪರಿಸರ ವಿಜ್ಞಾನದ ಪಾಠ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸಲಗದೊಡನೆ ಕಾದಾಡಿ ಸತ್ತಿತು. 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಆನೆ ಅದು. ಅದಕ್ಕಾಗಿ ನಾಡೇ ಅತ್ತಿತು. ಆ ದುಃಖವನ್ನು ಮಕ್ಕಳು ಎತ್ತಿದರೆ ಮಾತಾಡಲಿ. ಜೊತೆಗೆ, ಹೆಸರು ಪತ್ರಿಕೆಯ ಒಳಪುಟದಲ್ಲಿ ಮುಗಿದುಹೋದ ಕೂಲಿಯವರ ಸಾವನ್ನೂ ನೆನೆಯಲಿ. ಎರಡನ್ನೂ ನೆನೆಯುವುದು ಒಂದನ್ನು ಕಡಿಮೆ ಮಾಡುವುದಲ್ಲ.

ಭಾಷೆಯ ಚಟುವಟಿಕೆ: ‘ಊರಿಗೆ ಆನೆ ನುಗ್ಗಿತು’, ‘ಆನೆದಾರಿಗೆ ಊರು ಬಂತು’. ಎರಡೂ ವಾಕ್ಯ ಬರೆದು, ಪ್ರತಿಯೊಂದೂ ಯಾರ ಕಡೆ ನಿಂತು ಹೇಳಿದ ಮಾತು, ಅದು ಏನನ್ನು ಹೇಳದೆ ಬಿಟ್ಟಿದೆ ಎಂದು ಕೇಳಿ. ನಂತರ ಎರಡನ್ನೂ ಒಳಗೊಂಡ ಮೂರನೆಯ ವಾಕ್ಯವನ್ನು ತಂಡದಲ್ಲಿ ಬರೆಯಲಿ.

ಕೊನೆಯ ಹತ್ತು ನಿಮಿಷ ಸುರಕ್ಷತೆಗೆ ಮೀಸಲು: ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ನೋಡಿಕೊಳ್ಳುವುದು, ಮುಂಜಾವು, ಮುಸ್ಸಂಜೆಯಲ್ಲಿ ಒಬ್ಬರೇ ತೋಟದ ದಾರಿ ಹಿಡಿಯದಿರುವುದು, ಆನೆ ಕಂಡರೆ ಫೋಟೊ ತೆಗೆಯಲು ನಿಲ್ಲದಿರುವುದು, ಕಲ್ಲು ಹೊಡೆಯದಿರುವುದು, ಸದ್ದಿಲ್ಲದೆ ಹಿಂದೆ ಸರಿದು ದೊಡ್ಡವರಿಗೆ ತಿಳಿಸುವುದು. ಘಟಕದಲ್ಲಿ ಬೇರೆ ಏನನ್ನು ಬಿಟ್ಟರೂ ಈ ಹತ್ತು ನಿಮಿಷವನ್ನು ಬಿಡಬಾರದು.

ಐದನೆಯ ಅವಧಿ: ಹೊಳೆ ತಿರುಗಿಸಬಹುದೇ?

ಮೊದಲ ದಿನದ ಮಣ್ಣಿನ ದಿಬ್ಬಕ್ಕೆ ಮರಳಿ. ‘ಪಶ್ಚಿಮಕ್ಕೆ ಇಳಿದ ನೀರನ್ನು ಪೂರ್ವಕ್ಕೆ ಕಳಿಸಬೇಕಾದರೆ ಏನು ಮಾಡಬೇಕು?’ ತಡೆದು, ಪಂಪಿನಿಂದ ಮೇಲೆತ್ತಿ, ನೆತ್ತಿ ದಾಟಿಸಬೇಕು. ಎತ್ತಿನಹೊಳೆ ಯೋಜನೆ ಮಾಡುವುದು ಇದನ್ನೇ. ಎತ್ತಿನಹೊಳೆ, ಕಾಡುಮನೆಹಳ್ಳ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರಿನಲ್ಲಿ 24.01 ಟಿಎಂಸಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಒಣ ಸೀಮೆಗೆ ಕೊಡುವುದು ಉದ್ದೇಶ. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಲೆಕ್ಕದಲ್ಲಿ ಆಸಕ್ತಿಯಿರುವ ಮಕ್ಕಳು 24ರಿಂದ ಗುಣಿಸಿ ನೋಡಲಿ.

ನಾಲ್ಕು ತಂಡ ಮಾಡಿ: ಕೋಲಾರದ ರೈತ ಕುಟುಂಬ, ಕಾಲುವೆಗೆ ಭೂಮಿ ಕೊಟ್ಟ ಸಕಲೇಶಪುರದ ಕುಟುಂಬ, ನೇತ್ರಾವತಿಯ ಕೆಳದಂಡೆಯ ಮೀನುಗಾರ, ಹೊಳೆಯ ಮೀನು–ಕಪ್ಪೆ–ಕಾಡಿನ ಪರವಾಗಿ ಮಾತಾಡುವವರು. ಪ್ರತಿ ತಂಡಕ್ಕೂ ಒಂದೇ ನಿಯಮ: ತಮ್ಮ ವಾದ ಹೇಳುವ ಮೊದಲು, ಹಿಂದೆ ಮಾತಾಡಿದ ತಂಡದ ವಾದವನ್ನು ಅವರೇ ‘ಹೌದು, ನಾವು ಹೇಳಿದ್ದು ಇದೇ’ ಎಂದು ಒಪ್ಪುವಂತೆ ಹೇಳಬೇಕು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಘಟ್ಟದ ಹೊಳೆಯ ಬದುಕೂ ಸುಳ್ಳಲ್ಲ. ಶಿಕ್ಷಕರು ತೀರ್ಪು ಕೊಡಬಾರದು. ಮತಕ್ಕೆ ಹಾಕುವುದೂ ಬೇಡ. ಗೆದ್ದವರು, ಸೋತವರು ಎಂದಾದರೆ ಕೇಳುವುದು ನಿಂತುಹೋಗುತ್ತದೆ.

ಮೌಲ್ಯಮಾಪನ

1. ನಿಮ್ಮ ಊರಿನ ಒಂದು ಮಳೆಹನಿ ಕಡಲು ಸೇರುವವರೆಗಿನ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಹತ್ತು ವಾಕ್ಯದಲ್ಲಿ ಬರೆಯಿರಿ. (5 ಅಂಕ)
2. ಮಂಜರಾಬಾದ್ ಕೋಟೆ ಚೌಕವಾಗಿದ್ದರೆ ಕಾವಲುಗಾರರಿಗೆ ಏನು ತೊಂದರೆಯಾಗುತ್ತಿತ್ತು? ಚಿತ್ರ ಬರೆದು ವಿವರಿಸಿ. (5 ಅಂಕ)
3. ಆನೆಗಳನ್ನು ಹಿಡಿದ ಮೇಲೂ ಬೇರೆ ಆನೆಗಳು ಬರಲು ಎರಡು ಕಾರಣ ಕೊಡಿ. (4 ಅಂಕ)
4. ನಿಮಗೆ ಒಪ್ಪಿಗೆಯಿಲ್ಲದ ಒಂದು ವಾದವನ್ನು, ಅದನ್ನು ಒಪ್ಪುವವರು ಹೇಳುವಂತೆ ಬರೆಯಿರಿ. (6 ಅಂಕ)

ನಾಲ್ಕನೆಯ ಪ್ರಶ್ನೆಗೆ ಅಂಕ ಕೊಡುವಾಗ ಮಗು ಯಾವ ಪಕ್ಷ ಆರಿಸಿತು ಎಂಬುದನ್ನು ನೋಡಬೇಡಿ. ಎದುರು ಪಕ್ಷವನ್ನು ಅಣಕಿಸದೆ, ಅದರ ಕಾರಣಗಳನ್ನು ಬಿಡದೆ ಬರೆದಿದೆಯೇ ಎಂಬುದನ್ನು ನೋಡಿ.

ಪ್ರಶಿಕ್ಷಣಾರ್ಥಿಗಳಿಗೂ ಮೇಲ್ವಿಚಾರಕರಿಗೂ

ಬೇರೆ ಊರಿನಿಂದ ಬಂದ ಪ್ರಶಿಕ್ಷಣಾರ್ಥಿಗೆ ಈ ಸೀಮೆ ಮಂಜು, ಹಸಿರು, ಜಲಪಾತವಾಗಿ ಕಾಣುವುದು ಸಹಜ. ಮಗುವಿಗೆ ಅದೇ ಮಂಜು ಎದುರಿನ ಆನೆಯನ್ನು ಮರೆಮಾಡುವ ಮಂಜು. ಪಾಠ ಯೋಜನೆ ಬರೆಯುವ ಮುನ್ನ ಒಂದು ಸಂಜೆ ಊರಿನ ಹಿರಿಯರೊಡನೆ ಕೂತು ಹಳ್ಳ, ಗುಡ್ಡ, ದಾರಿಗಳ ಹೆಸರು ಕೇಳಿ ಬರೆದುಕೊಳ್ಳಿ. ತರಗತಿಯಲ್ಲಿ ಆ ಹೆಸರುಗಳನ್ನೇ ಬಳಸಿ.

ವೀಕ್ಷಣೆ ಮಾಡುವ ಮೇಲ್ವಿಚಾರಕರು ಉಪಕರಣ, ಹಲಗೆಯ ಬರಹ, ಸಮಯ ಪಾಲನೆಗಳ ಜೊತೆಗೆ ಇನ್ನೆರಡು ಅಂಶ ಗುರುತು ಮಾಡಿಕೊಳ್ಳಲಿ. ಮಗು ಹೇಳಿದ ಮಾಹಿತಿಯಿಂದ ಪಾಠದ ದಿಕ್ಕು ಒಂದು ಸಲವಾದರೂ ಬದಲಾಯಿತೇ? ಪ್ರಶಿಕ್ಷಣಾರ್ಥಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ‘ವಿಚಾರಿಸಿ ಬರೋಣ’ ಎಂದರೇ, ಏನೋ ಒಂದು ಹೇಳಿ ಮುಂದೆ ಹೋದರೇ?

ಈ ಘಟಕ ಸಕಲೇಶಪುರ, ಆಲೂರಿಗೆ ಬರೆದದ್ದಾದರೂ ಚೌಕಟ್ಟು ಬೇರೆಡೆಗೂ ಹೊಂದುತ್ತದೆ. ಅರಸೀಕೆರೆಯ ಕಡೆ ಜಲವಿಭಜಕದ ಬದಲು ಕೆರೆಸಾಲು, ಕೋಟೆಯ ಬದಲು ಗುಡಿ, ಕಾಫಿಯ ಬದಲು ತೆಂಗು, ಆನೆಯ ಬದಲು ಬರ ಬರಬಹುದು. ಬದಲಾಗದೆ ಇರಬೇಕಾದದ್ದು ಕ್ರಮ ಮಾತ್ರ: ನೆಲದಿಂದ ಆರಂಭ, ನಂತರ ನೆಲ ಬಳಸಿದ ಜನರ ಕಥೆ, ಕೊನೆಗೆ ಇಂದು ಆ ನೆಲದ ಮೇಲೆ ನಡೆಯುತ್ತಿರುವ, ಇನ್ನೂ ಉತ್ತರ ಸಿಗದ ಪ್ರಶ್ನೆ.